ಅಮೆರಿಕದ ವಿಶ್ವವಿದ್ಯಾಲಯಕ್ಕೆ ಕ್ರೆಡಿಟ್ ವರ್ಗಾವಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಎರಡು ಬಗೆಯ ಓದುಗರಿಗಾಗಿ. ಕರ್ನಾಟಕದಲ್ಲಿ ಒಂದೆರಡು ವರ್ಷ ಬಿಇ, ಬಿಎಸ್ಸಿ ಅಥವಾ ಬಿಕಾಂ ಓದಿ, ಉಳಿದದ್ದನ್ನು ಅಮೆರಿಕದಲ್ಲಿ ಮುಗಿಸಬೇಕೆಂದಿರುವವರು ಒಂದು ಕಡೆ. ಅಲ್ಲೇ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು, ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಕಾಲೇಜು) ಓದು ಶುರುಮಾಡಿ ವಿಶ್ವವಿದ್ಯಾಲಯಕ್ಕೆ ಹೋಗಲಿರುವವರು ಇನ್ನೊಂದು ಕಡೆ. ಸ್ನಾತಕೋತ್ತರ ಓದಿನ ಬಗ್ಗೆ ಕೊನೆಯಲ್ಲಿ ಚಿಕ್ಕ ಉತ್ತರವಿದೆ.

ಒಂದು ಕ್ರೆಡಿಟ್ ಅಂದರೆ ಎಷ್ಟು ಓದು?

ಸೆಮಿಸ್ಟರ್ ಪದ್ಧತಿಯಲ್ಲಿ ವಾರಕ್ಕೆ ಒಂದು ಗಂಟೆ ತರಗತಿ, ಅದರ ಹೊರಗೆ ಕನಿಷ್ಠ ಎರಡು ಗಂಟೆ ಸ್ವಂತ ಓದು, ಹೀಗೆ ಸುಮಾರು 15 ವಾರ ನಡೆದರೆ ಒಂದು ಕ್ರೆಡಿಟ್. ಸಾಮಾನ್ಯ ಕೋರ್ಸಿಗೆ 3 ಕ್ರೆಡಿಟ್, ಲ್ಯಾಬ್ ಸೇರಿದ ವಿಜ್ಞಾನದ ಕೋರ್ಸಿಗೆ ಹೆಚ್ಚಾಗಿ 4. ಪದವಿಗೆ ಬೇಕಾದದ್ದು ಸುಮಾರು 120, ಅಂದರೆ ವರ್ಷಕ್ಕೆ 30.

ಕೆಲವು ವಿಶ್ವವಿದ್ಯಾಲಯಗಳಲ್ಲಿ ಕ್ವಾರ್ಟರ್ ಪದ್ಧತಿ, ಅಂದರೆ ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳ ಪದ್ಧತಿ ಇದೆ. ಅಲ್ಲಿ ಪದವಿಗೆ 180 ಬೇಕು. ಕ್ವಾರ್ಟರ್ ಕ್ರೆಡಿಟ್ಟನ್ನು ಸೆಮಿಸ್ಟರಿಗೆ ತರಲು ಮೂರರಲ್ಲಿ ಎರಡು ಪಾಲು ತೆಗೆದುಕೊಳ್ಳುತ್ತಾರೆ. ಎಡವಟ್ಟಾಗುವುದು ಇಲ್ಲೇ. 4 ಕ್ವಾರ್ಟರ್ ಕ್ರೆಡಿಟ್ಟಿನ ಕೋರ್ಸು ಸೆಮಿಸ್ಟರ್ ಲೆಕ್ಕದಲ್ಲಿ 2.67 ಆಗುತ್ತದೆ. 3 ಕ್ರೆಡಿಟ್ ಬೇಕಿರುವ ಜಾಗಕ್ಕೆ 0.33 ಕಡಿಮೆ ಬೀಳುತ್ತದೆ. ವಿಷಯ ಸರಿಹೊಂದಿದರೆ ಬಹಳಷ್ಟು ವಿಭಾಗಗಳು ಇಷ್ಟನ್ನು ಮನ್ನಾ ಮಾಡುತ್ತವೆ. ಆದರೆ ಒಟ್ಟು 120ರ ಲೆಕ್ಕದಲ್ಲಿ ಆ ಚೂರುಗಳು ಕೊರತೆಯಾಗಿಯೇ ಉಳಿಯುತ್ತವೆ. ಕೊನೆಯ ಸೆಮಿಸ್ಟರಿನಲ್ಲಿ ಒಂದು ಕ್ರೆಡಿಟ್ ಸಾಲದೆ ಪದವಿ ನಿಲ್ಲುವುದಕ್ಕೆ ಇದು ಸಾಮಾನ್ಯ ಕಾರಣ.

ಕ್ರೆಡಿಟ್ ಒಪ್ಪಬೇಕೋ ಬೇಡವೋ ಎಂದು ತೀರ್ಮಾನಿಸುವವರು ಯಾರು?

ನೀವು ಸೇರುತ್ತಿರುವ ವಿಶ್ವವಿದ್ಯಾಲಯ. ಇದಕ್ಕೆಂದು ಕೇಂದ್ರ ಸರ್ಕಾರದ ಇಲಾಖೆಯೂ ಇಲ್ಲ, ಇಡೀ ದೇಶಕ್ಕೆ ಅನ್ವಯಿಸುವ ಒಂದೇ ನಿಯಮವೂ ಇಲ್ಲ. ಒಂದೇ ಅಂಕಪಟ್ಟಿಗೆ ಒಂದು ಕಡೆ 54 ಕ್ರೆಡಿಟ್, ಪಕ್ಕದ ಊರಿನಲ್ಲಿ 31 ಸಿಕ್ಕರೆ ಎರಡೂ ಸರಿಯೇ.

ಒಳಗೆ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಪ್ರವೇಶ ಕಚೇರಿ ಅಥವಾ ರಿಜಿಸ್ಟ್ರಾರ್ ಕಚೇರಿ ಮೂರು ಸಂಗತಿ ನೋಡುತ್ತದೆ: ಸಂಸ್ಥೆಗೆ ಮಾನ್ಯತೆ ಇದೆಯೇ, ಕೋರ್ಸು ಕಾಲೇಜು ಮಟ್ಟದ್ದೇ, ಗ್ರೇಡು ಸಾಕಷ್ಟಿದೆಯೇ. ಗ್ರೇಡಿನ ಮಿತಿ ಬಹಳ ಕಡೆ ಸಿ. ಕೆಲವರು ಸಿ ಮೈನಸ್ ಕೂಡ ಒಪ್ಪುತ್ತಾರೆ, ಕೆಲವು ಮೇಜರುಗಳು (ಪದವಿಯ ಮುಖ್ಯ ವಿಷಯಗಳು) ಬಿ ಕೇಳುತ್ತವೆ. ಬರೀ ಪಾಸ್ ಎಂದಿದ್ದು ಗ್ರೇಡ್ ಇಲ್ಲದ ಕೋರ್ಸುಗಳಿಗೆ ತಕರಾರು ಬರುತ್ತದೆ. ಕಾಲೇಜು ಮಟ್ಟಕ್ಕಿಂತ ಕೆಳಗಿನ ಪೂರ್ವಸಿದ್ಧತಾ ಗಣಿತ, ಇಂಗ್ಲಿಷ್ ಕೋರ್ಸುಗಳಿಗೆ ಏನೂ ಸಿಗುವುದಿಲ್ಲ.

ಎರಡನೇ ಹಂತ ವಿಭಾಗದ್ದು. ನಿಮ್ಮ ಡೇಟಾ ಸ್ಟ್ರಕ್ಚರ್ಸ್ ತಮ್ಮ ಡೇಟಾ ಸ್ಟ್ರಕ್ಚರ್ಸಿಗೆ ಸಮವೇ ಎಂದು ಅಲ್ಲಿನ ಪ್ರಾಧ್ಯಾಪಕರೊಬ್ಬರು ಸಿಲಬಸ್ ಓದಿ ಹೇಳುತ್ತಾರೆ. ನಿಜವಾದ ಲಾಭ ನಷ್ಟ ತೀರ್ಮಾನವಾಗುವುದು ಈ ಮೇಜಿನ ಮೇಲೆ.

"60 ಕ್ರೆಡಿಟ್ ಸ್ವೀಕರಿಸಲಾಗಿದೆ" ಎಂದು ಪತ್ರ ಬಂದಿದೆ. ಹಾಗಾದರೆ ಇನ್ನು 60 ಓದಿದರೆ ಸಾಕಲ್ಲವೇ?

ಸಾಲುವುದಿಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಸ್ವೀಕರಿಸುವುದು ಒಂದು, ಪದವಿಯ ಲೆಕ್ಕಕ್ಕೆ ಸೇರುವುದು ಇನ್ನೊಂದು. ಒಪ್ಪಿಕೊಂಡ ಪ್ರತಿ ಕೋರ್ಸನ್ನೂ ಮೂರರಲ್ಲಿ ಒಂದು ಕಡೆ ಹಾಕುತ್ತಾರೆ. ತಮ್ಮದೇ ಕೋರ್ಸಿಗೆ ನೇರವಾಗಿ ಸಮ ಎಂದರೆ ಅವರ ಕೋರ್ಸ್ ಸಂಖ್ಯೆ ಸಿಗುತ್ತದೆ. ಸಾಮಾನ್ಯ ಶಿಕ್ಷಣದ, ಅಂದರೆ ಯಾವ ಮೇಜರಿನವರೂ ಓದಬೇಕಾದ ಬರವಣಿಗೆ, ಇತಿಹಾಸದಂಥ ಕೋರ್ಸುಗಳ ಅಗತ್ಯಕ್ಕೆ ಹೊಂದಿದರೆ ಆ ಖಾನೆಗೆ ಹೋಗುತ್ತದೆ. ಎರಡೂ ಅಲ್ಲದಿದ್ದರೆ "ಎಲೆಕ್ಟಿವ್" ಎಂದು ಬರೆದು ಪಕ್ಕಕ್ಕಿಡುತ್ತಾರೆ. ವರದಿಯಲ್ಲಿ ಕೋರ್ಸ್ ಸಂಖ್ಯೆಯ ಜಾಗದಲ್ಲಿ "1ಎಕ್ಸ್‌ಎಕ್ಸ್" ಎಂಬಂಥ ಗುರುತಿದ್ದರೆ ಅದು ಈ ಮೂರನೇ ಗುಂಪಿನದು.

ಒಂದು ಲೆಕ್ಕ ಹಾಕೋಣ. 60ರಲ್ಲಿ 22 ನೇರ ಸಮಾನ, 20 ಸಾಮಾನ್ಯ ಶಿಕ್ಷಣ, 18 ಎಲೆಕ್ಟಿವ್ ಎಂದಿಟ್ಟುಕೊಳ್ಳಿ. ನಿಮ್ಮ ಮೇಜರಿನಲ್ಲಿ ಎಲೆಕ್ಟಿವ್‌ಗೆ ಇರುವ ಜಾಗ 6 ಮಾತ್ರವಾದರೆ 12 ಕ್ರೆಡಿಟ್ ಟ್ರಾನ್ಸ್‌ಕ್ರಿಪ್ಟಿನಲ್ಲಿ ಕೂತಿರುತ್ತದೆ, ಕೆಲಸಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಂದದ್ದು 48, ಬಾಕಿ 72. ಸೆಮಿಸ್ಟರಿಗೆ 15ರಂತೆ ನಾಲ್ಕರ ಬದಲು ಐದು ಸೆಮಿಸ್ಟರ್ ಬೇಕು, ಅಂದರೆ ಒಂದು ಸೆಮಿಸ್ಟರಿನ ಫೀಸು ಮತ್ತು ಊಟ ಬಾಡಿಗೆ ಹೆಚ್ಚುವರಿ. ಎಂಜಿನಿಯರಿಂಗ್, ನರ್ಸಿಂಗ್‌ನಂಥ ಮೇಜರುಗಳಲ್ಲಿ ಎಲೆಕ್ಟಿವ್ ಜಾಗ ತೀರಾ ಕಡಿಮೆ. ಇತಿಹಾಸ, ಸಮಾಜಶಾಸ್ತ್ರದಲ್ಲಿ ಧಾರಾಳ. ಹಾಗಾಗಿ ಒಂದೇ ವಿಶ್ವವಿದ್ಯಾಲಯದೊಳಗೆ ಮೇಜರ್ ಬದಲಾದರೂ ನಷ್ಟದ ಲೆಕ್ಕ ಬದಲಾಗುತ್ತದೆ.

ಇದು ಅಪರೂಪದ ತೊಂದರೆಯಲ್ಲ. 2004ರಿಂದ 2009ರ ನಡುವೆ ಸಂಸ್ಥೆ ಬದಲಿಸಿದ ವಿದ್ಯಾರ್ಥಿಗಳು ಸರಾಸರಿ 43% ಕ್ರೆಡಿಟ್ ಕಳೆದುಕೊಂಡರೆಂದು ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ಅಂದಾಜಿಸಿತು. ಅವರೆಲ್ಲ ಅಮೆರಿಕದೊಳಗೇ ಬದಲಿಸಿದವರು.

ಆದ್ದರಿಂದ ಕೇಳಬೇಕಾದ ಪ್ರಶ್ನೆ "ಎಷ್ಟು ಕ್ರೆಡಿಟ್ ಒಪ್ಪುತ್ತೀರಿ" ಎಂಬುದಲ್ಲ. "ಈ ಮೇಜರಿನ ಡಿಗ್ರಿ ಆಡಿಟ್ ಹಾಕಿ ತೋರಿಸಿ, ಏನೇನು ಬಾಕಿ ಇದೆ" ಎಂದು ಕೇಳಿ. ಡಿಗ್ರಿ ಆಡಿಟ್ ಅಂದರೆ ಪದವಿಯ ಅಗತ್ಯಗಳ ಎದುರು ನಿಮ್ಮ ಕೋರ್ಸುಗಳನ್ನು ಜೋಡಿಸಿದ ಪಟ್ಟಿ. ಸೀಟು ಖಚಿತಪಡಿಸಲು ಹಣ ಕಟ್ಟುವ ಮೊದಲೇ ಅದು ನಿಮ್ಮ ಕೈಯಲ್ಲಿರಬೇಕು.

ವಿಟಿಯುನಲ್ಲಿ ಎರಡು ವರ್ಷಕ್ಕೆ ಸುಮಾರು 80 ಕ್ರೆಡಿಟ್ ಆಗಿದೆ. 80 ಸಿಗುತ್ತದೆಯೇ?

ಇಲ್ಲ. ವಿಟಿಯುವಿನ 2022ರ ಸ್ಕೀಮಿನಲ್ಲಿ ಬಿಇಗೆ ಒಟ್ಟು 160 ಕ್ರೆಡಿಟ್, ವರ್ಷಕ್ಕೆ ಸರಾಸರಿ 40. ಅಮೆರಿಕದಲ್ಲಿ ಪೂರ್ಣಾವಧಿಯ ಒಂದು ವರ್ಷಕ್ಕೆ 30. ಮೌಲ್ಯಮಾಪಕರು ಸಾಮಾನ್ಯವಾಗಿ ವರ್ಷಕ್ಕೆ ವರ್ಷ ಎಂದು ಹೊಂದಿಸಿ ಸಂಖ್ಯೆಯನ್ನು ಇಳಿಸುತ್ತಾರೆ. 4 ಕ್ರೆಡಿಟ್ಟಿನ ವಿಷಯ 3 ಆಗುತ್ತದೆ, 1 ಕ್ರೆಡಿಟ್ಟಿನದು ಮುಕ್ಕಾಲು. ಬ್ಯಾಕ್‌ಲಾಗ್ ಇರುವ ವಿಷಯ ಲೆಕ್ಕಕ್ಕಿಲ್ಲ. ಎರಡು ವರ್ಷ ಪೂರ್ತಿ ಪಾಸಾಗಿದ್ದರೆ 60ರ ಆಸುಪಾಸು ಗರಿಷ್ಠ ಅಂದುಕೊಳ್ಳಿ. ಅದರಲ್ಲಿ ಎಷ್ಟು ಪದವಿಗೆ ಸೇರುತ್ತದೆ ಎಂಬುದಕ್ಕೆ ಹಿಂದಿನ ಉತ್ತರವೇ ಉತ್ತರ.

ನಮ್ಮ ಎಂಜಿನಿಯರಿಂಗ್ ಗಣಿತ ಅವರದಕ್ಕಿಂತ ಕಷ್ಟ. ಆದರೂ ಕ್ಯಾಲ್ಕುಲಸ್ 1ಕ್ಕೆ ಕ್ರೆಡಿಟ್ ಕೊಡಲಿಲ್ಲ. ಯಾಕೆ?

ಕಷ್ಟ ಸುಲಭದ ಮಾತಲ್ಲ ಇದು, ಪಾಠಗಳನ್ನು ಹಂಚಿರುವ ರೀತಿಯ ಮಾತು. ವಿಟಿಯು 2018ರ ಸ್ಕೀಮಿನ ಮೊದಲ ಸೆಮಿಸ್ಟರ್ ಗಣಿತ "ಕ್ಯಾಲ್ಕುಲಸ್ ಅಂಡ್ ಲೀನಿಯರ್ ಆಲ್ಜಿಬ್ರಾ" ತೆಗೆದುಕೊಳ್ಳಿ. ಐದು ಮಾಡ್ಯೂಲುಗಳಲ್ಲಿ ಅವಕಲನ, ಆಂಶಿಕ ಅವಕಲನ, ಬಹು ಸಂಕಲನ, ಮೊದಲ ಶ್ರೇಣಿಯ ಅವಕಲ ಸಮೀಕರಣ, ಮ್ಯಾಟ್ರಿಕ್ಸ್ ಎಲ್ಲವೂ ಸ್ವಲ್ಪ ಸ್ವಲ್ಪ ಇವೆ. ಅಮೆರಿಕದಲ್ಲಿ ಇವು ಕ್ಯಾಲ್ಕುಲಸ್ 1, ಕ್ಯಾಲ್ಕುಲಸ್ 3, ಡಿಫರೆನ್ಷಿಯಲ್ ಈಕ್ವೇಷನ್ಸ್, ಲೀನಿಯರ್ ಆಲ್ಜಿಬ್ರಾ ಎಂಬ ಬೇರೆ ಬೇರೆ ಸೆಮಿಸ್ಟರ್ ಕೋರ್ಸುಗಳಲ್ಲಿ ಚದುರಿವೆ. ನಿಮ್ಮ ಒಂದು ವಿಷಯ ಅವುಗಳಲ್ಲಿ ಯಾವುದನ್ನೂ ಪೂರ್ತಿ ತುಂಬುವುದಿಲ್ಲ. ಲಿಮಿಟ್, ಮೂಲ ಅವಕಲನ, ಸಂಕಲನವನ್ನು ನೀವು ಪಿಯುಸಿಯಲ್ಲೇ ಕಲಿತಿದ್ದೀರಿ. ಆದರೆ ಪಿಯುಸಿಯನ್ನು ಅವರು ಹೈಸ್ಕೂಲು ಎಂದೇ ಎಣಿಸುವುದರಿಂದ ಅದಕ್ಕೆ ಕ್ರೆಡಿಟ್ ಇಲ್ಲ.

ದಾರಿ ಇದೆ. ಒಂದೊಂದೇ ವಿಷಯ ಮುಂದಿಡಬೇಡಿ. ಎರಡು, ಮೂರು ಸೆಮಿಸ್ಟರಿನ ಗಣಿತದ ಸಿಲಬಸ್‌ಗಳನ್ನು ಒಟ್ಟಿಗೆ ಇಟ್ಟು, ಅವರ ಕ್ಯಾಲ್ಕುಲಸ್ 1, 2, 3ರ ಅಧ್ಯಾಯಗಳ ಎದುರು ನಿಮ್ಮ ಯಾವ ಮಾಡ್ಯೂಲ್ ಬರುತ್ತದೆ ಎಂದು ಒಂದು ಪುಟದ ಕೋಷ್ಟಕ ಮಾಡಿ ಗಣಿತ ವಿಭಾಗಕ್ಕೇ ಕಳಿಸಿ. ಮೂರಕ್ಕೆ ಮೂರು ಎಂದು ಒಟ್ಟಾಗಿ ಒಪ್ಪುವ ಅಧಿಕಾರ ವಿಭಾಗಕ್ಕಿದೆ, ಪ್ರವೇಶ ಕಚೇರಿಯ ಗುಮಾಸ್ತರಿಗಿಲ್ಲ. ಅದೂ ಆಗದಿದ್ದರೆ ವಿಭಾಗದ ಪರೀಕ್ಷೆ ಬರೆದು ಕ್ರೆಡಿಟ್ ಪಡೆಯಬಹುದೇ ಎಂದು ವಿಚಾರಿಸಿ. ಬರೀ ಪ್ಲೇಸ್‌ಮೆಂಟ್ ಪರೀಕ್ಷೆಯಾದರೆ ಮೇಲಿನ ಕೋರ್ಸಿಗೆ ಬಿಡುತ್ತಾರೆ ಅಷ್ಟೇ, ಕ್ರೆಡಿಟ್ ಕೊಡುವುದಿಲ್ಲ. ಎರಡಕ್ಕೂ ವ್ಯತ್ಯಾಸ ಇಟ್ಟುಕೊಂಡು ಕೇಳಿ.

ಏನೇ ಮಾಡಿದರೂ ಅಲ್ಲಿ ಹೊಸದಾಗಿ ಓದಲೇಬೇಕಾದವು ಯಾವುವು?

ಇಂಗ್ಲಿಷ್ ಬರವಣಿಗೆ, ಬಹುಮಟ್ಟಿಗೆ. ವಿಟಿಯುವಿನ 1 ಕ್ರೆಡಿಟ್ಟಿನ ಕಮ್ಯುನಿಕೇಟಿವ್ ಇಂಗ್ಲಿಷ್, ಅವರ 3 ಕ್ರೆಡಿಟ್ಟಿನ ಕಾಂಪೋಸಿಷನ್ ಕೋರ್ಸಿಗೆ ಸಮ ಎನ್ನಿಸಿಕೊಳ್ಳುವುದು ಕಷ್ಟ. ಭಾರತದ ಸಂವಿಧಾನ ಓದಿದ್ದು ಅಮೆರಿಕದ ಸರ್ಕಾರದ ಕೋರ್ಸಿಗೆ ಬದಲಾಗದು. ಟೆಕ್ಸಾಸಿನ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಂತೂ ಸರ್ಕಾರ 6, ಅಮೆರಿಕದ ಇತಿಹಾಸ 6 ಕ್ರೆಡಿಟ್ ರಾಜ್ಯದ ಕಾನೂನಿನಿಂದಲೇ ಕಡ್ಡಾಯ. ಭಾರತದಿಂದ ಹೋಗುವವರು ಈ 12ನ್ನು ಮೊದಲೇ ಖರ್ಚಿನ ಲೆಕ್ಕಕ್ಕೆ ಬರೆದುಕೊಳ್ಳಿ.

ಡಿಪ್ಲೊಮಾ ಮುಗಿಸಿದವರ ಗತಿ?

ಎಸ್ಸೆಸ್ಸೆಲ್ಸಿ ನಂತರದ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಬಗ್ಗೆ ಒಮ್ಮತವಿಲ್ಲ. ಕೆಲವರು ಇಡಿಯಾಗಿ ಹೈಸ್ಕೂಲಿಗೆ ಸೇರಿಸುತ್ತಾರೆ, ಕೆಲವರು ಕೊನೆಯ ಭಾಗಕ್ಕೆ ಸ್ವಲ್ಪ ಕ್ರೆಡಿಟ್ ಕೊಡುತ್ತಾರೆ. ಲ್ಯಾಟರಲ್ ಎಂಟ್ರಿಯಲ್ಲಿ ಬಿಇ ಎರಡನೇ ವರ್ಷಕ್ಕೆ ಸೇರಿದವರ ಅಂಕಪಟ್ಟಿಯಲ್ಲಿ ಮೊದಲ ವರ್ಷವೇ ಇರುವುದಿಲ್ಲವಲ್ಲ, ಅವರು ಡಿಪ್ಲೊಮಾದ ಸಿಲಬಸ್ ಮತ್ತು ಎಲ್ಲಾ ಸೆಮಿಸ್ಟರಿನ ಅಂಕಪಟ್ಟಿಯನ್ನೂ ಸೇರಿಸಿಯೇ ಕಳಿಸಬೇಕು.

ಕರ್ನಾಟಕದಿಂದ ಯಾವ ಕಾಗದ, ಯಾವ ಕ್ರಮದಲ್ಲಿ?

ಮೊದಲು ವಿಶ್ವವಿದ್ಯಾಲಯದ ಪುಟದಲ್ಲಿ ವಿದೇಶಿ ಅಂಕಪಟ್ಟಿಯನ್ನು ಯಾರಿಂದ ಮೌಲ್ಯಮಾಪನ ಮಾಡಿಸಬೇಕೆಂದಿದೆ ನೋಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂಥವು ತಾವೇ ಮಾಡುತ್ತವೆ, ಹೊರಗಿನ ವರದಿ ಕೇಳುವುದಿಲ್ಲ. ಬಹಳಷ್ಟು ಸಂಸ್ಥೆಗಳು ನೇಸಿಸ್ ಎಂಬ, ಮೌಲ್ಯಮಾಪನ ಏಜೆನ್ಸಿಗಳ ಒಕ್ಕೂಟದ ಸದಸ್ಯ ಏಜೆನ್ಸಿಯ ವರದಿ ಕೇಳುತ್ತವೆ. ಡಬ್ಲ್ಯುಇಎಸ್, ಇಸಿಇ ಇಂಥ ಏಜೆನ್ಸಿಗಳು. ಇದನ್ನು ನೋಡದೆ ದುಡ್ಡು ಕಟ್ಟಿ ವರದಿ ತರಿಸಿದರೆ ಆ ದುಡ್ಡು ವ್ಯರ್ಥ.

ವರದಿಯಲ್ಲಿ ಎರಡು ಬಗೆ. ಒಟ್ಟು ಓದಿಗೆ ಸಮಾನತೆ ಹೇಳುವ ಅಗ್ಗದ ವರದಿ ಕ್ರೆಡಿಟ್ ವರ್ಗಾವಣೆಗೆ ಉಪಯೋಗವಿಲ್ಲ. ವಿಷಯವಾರು ಕ್ರೆಡಿಟ್ ಮತ್ತು ಗ್ರೇಡ್ ಕೊಡುವ "ಕೋರ್ಸ್ ಬೈ ಕೋರ್ಸ್" ವರದಿಯನ್ನೇ ಕೇಳಿ. ಏಜೆನ್ಸಿಯ ವರದಿ ಸಲಹೆ ಮಾತ್ರ, ಅದರಂತೆಯೇ ನಡೆಯಬೇಕೆಂಬ ಕಟ್ಟುಪಾಡು ವಿಶ್ವವಿದ್ಯಾಲಯಕ್ಕಿಲ್ಲ.

ಆಮೇಲೆ ಟ್ರಾನ್ಸ್‌ಕ್ರಿಪ್ಟ್. ನೀವೇ ಸ್ಕ್ಯಾನ್ ಮಾಡಿ ಕಳಿಸಿದ್ದು ಅರ್ಜಿಗೆ ನಡೆದರೂ ಅಂತಿಮ ಕ್ರೆಡಿಟ್ಟಿಗೆ ನಡೆಯದು. ಪರೀಕ್ಷಾ ವಿಭಾಗದಿಂದ ನೇರವಾಗಿ ವಿದ್ಯುನ್ಮಾನ ಮಾರ್ಗದಲ್ಲಿ, ಇಲ್ಲವೇ ಮೊಹರು ಮಾಡಿದ ಲಕೋಟೆಯಲ್ಲಿ ಹೋಗಬೇಕು. ಲಕೋಟೆ ಒಡೆದರೆ ಕೆಟ್ಟಿತು. ಸ್ವಾಯತ್ತ ಕಾಲೇಜಿನಲ್ಲಿ ಓದಿದವರು, ಅದಕ್ಕೆ ಸಹಿ ಮಾಡಬೇಕಾದವರು ಕಾಲೇಜಿನ ಪರೀಕ್ಷಾ ನಿಯಂತ್ರಕರೋ ವಿಶ್ವವಿದ್ಯಾಲಯವೋ ಎಂಬುದನ್ನು ಏಜೆನ್ಸಿಯ ಸೂಚನೆಯಲ್ಲಿ ನೋಡಿಕೊಳ್ಳಿ. ಅರ್ಜಿಗಳು ತಿಂಗಳುಗಟ್ಟಲೆ ಒದ್ದಾಡುವುದು ಈ ಗೊಂದಲದಲ್ಲಿ.

ಸಿಲಬಸ್ಸನ್ನು ನೀವು ಓದಿದ ವರ್ಷದ ಸ್ಕೀಮಿನದೇ ಕಳಿಸಬೇಕು, ಈಗಿನದಲ್ಲ. ಮಾಡ್ಯೂಲುಗಳು, ಪಠ್ಯಪುಸ್ತಕ, ಇಂಟರ್ನಲ್ಸ್ ಮತ್ತು ಅಂತಿಮ ಪರೀಕ್ಷೆಯ ಅಂಕ ಹಂಚಿಕೆ ಅದರಲ್ಲಿ ಕಾಣಬೇಕು. ಉಪನ್ಯಾಸ, ಟ್ಯುಟೋರಿಯಲ್, ಪ್ರಾಯೋಗಿಕ ಗಂಟೆಗಳನ್ನು ತೋರಿಸುವ ಎಲ್-ಟಿ-ಪಿ ಕೋಷ್ಟಕದ ಪುಟವನ್ನು ಬಿಡಬೇಡಿ. ಲ್ಯಾಬ್ ಗಂಟೆ ಎಲ್ಲೂ ಕಾಣದಿದ್ದರೆ ಭೌತಶಾಸ್ತ್ರಕ್ಕೆ ಉಪನ್ಯಾಸದ 3 ಕೊಟ್ಟು ಲ್ಯಾಬಿನ 1 ನಿಲ್ಲಿಸುತ್ತಾರೆ. ಆಮೇಲೆ ಅದೊಂದು ಲ್ಯಾಬಿಗಾಗಿ ಮತ್ತೆ ಸೇರಬೇಕಾಗುತ್ತದೆ.

ಕೊನೆಗೆ ಹೆಸರು. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಊರಿನ ಅಥವಾ ತಂದೆಯ ಹೆಸರು ಬಿಡಿಸಿ ಬರೆದಿರುವುದು ನಮ್ಮಲ್ಲಿ ಮಾಮೂಲು. ಅಲ್ಲಿನ ಕಂಪ್ಯೂಟರಿಗೆ ಇವರಿಬ್ಬರು ಬೇರೆ ಬೇರೆ. ಎರಡೂ ಹೆಸರು ಒಬ್ಬರದೇ ಎನ್ನುವ ನೋಟರಿ ಅಫಿಡವಿಟ್ಟನ್ನು ಮೊದಲ ಸಲವೇ ಲಗತ್ತಿಸಿ.

ನನ್ನದು 62%. ಅಲ್ಲಿ ಡಿ ಗ್ರೇಡ್ ಆಗುತ್ತದೆಯೇ?

ಭಯ ಬೇಡ. ಭಾರತದಲ್ಲಿ 60 ಪ್ರಥಮ ದರ್ಜೆ ಎಂಬುದು ಮೌಲ್ಯಮಾಪಕರಿಗೆ ಗೊತ್ತು. ನಮ್ಮ ಅಂಕಮಾಪನಕ್ಕೆ ತಕ್ಕಂತೆ ಪರಿವರ್ತಿಸುತ್ತಾರೆ, 62 ಸಾಮಾನ್ಯವಾಗಿ ಒಳ್ಳೆಯ ಗ್ರೇಡೇ. ಹಾಗೆಂದು ಸಂತೋಷಪಡಲೂ ಹೆಚ್ಚೇನಿಲ್ಲ: ಬಹುತೇಕ ಕಡೆ ಕ್ರೆಡಿಟ್ ವರ್ಗವಾಗುತ್ತದೆ, ಜಿಪಿಎ ವರ್ಗವಾಗುವುದಿಲ್ಲ. ಹಳೆಯ ಅಂಕ ಪ್ರವೇಶಕ್ಕೆ ಬಳಕೆಯಾಗಿ, ಹೊಸ ಸಂಸ್ಥೆಯ ಜಿಪಿಎ ಸೊನ್ನೆಯಿಂದ ಶುರುವಾಗುತ್ತದೆ.

ಎಬಿಸಿ ಖಾತೆಯಲ್ಲಿರುವ ಕ್ರೆಡಿಟ್, ಎನ್‌ಪಿಟಿಇಎಲ್ ಪ್ರಮಾಣಪತ್ರ ನಡೆಯುತ್ತವೆಯೇ?

ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಯುಜಿಸಿಯ 2021ರ ನಿಯಮದ ಮೇಲೆ ನಡೆಯುವ, ಭಾರತದೊಳಗಿನ ವ್ಯವಸ್ಥೆ. ಅಮೆರಿಕದವರಿಗೆ ಬೇಕಾದದ್ದು ಟ್ರಾನ್ಸ್‌ಕ್ರಿಪ್ಟ್. ಎನ್‌ಪಿಟಿಇಎಲ್ ಅಥವಾ ಸ್ವಯಂ ಆನ್‌ಲೈನ್ ಕೋರ್ಸನ್ನು ನಿಮ್ಮ ವಿಶ್ವವಿದ್ಯಾಲಯ ತನ್ನ ಅಂಕಪಟ್ಟಿಯಲ್ಲೇ ಕ್ರೆಡಿಟ್ ಮತ್ತು ಗ್ರೇಡ್ ಸಮೇತ ನಮೂದಿಸಿದ್ದರೆ ಅದನ್ನು ಪರಿಶೀಲಿಸುತ್ತಾರೆ. ಬಿಡಿ ಪ್ರಮಾಣಪತ್ರಕ್ಕೆ ಹೆಚ್ಚಾಗಿ ಏನೂ ಸಿಗುವುದಿಲ್ಲ.

ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ, ಮಗಳು ಕಮ್ಯುನಿಟಿ ಕಾಲೇಜಿನಲ್ಲಿದ್ದಾಳೆ. ಅವಳಿಗೂ ಇಷ್ಟೆಲ್ಲ ತಾಪತ್ರಯವೇ?

ಇಲ್ಲ, ಮೊದಲೇ ಯೋಜಿಸಿದರೆ ಅವಳದು ಹಾಸಿಕೊಟ್ಟ ದಾರಿ. "ಅಸಿಸ್ಟ್" ಎಂಬ ರಾಜ್ಯದ ಜಾಲತಾಣದಲ್ಲಿ ಅವಳ ಕಾಲೇಜು, ಗುರಿಯ ವಿಶ್ವವಿದ್ಯಾಲಯ, ಮೇಜರ್ ಆರಿಸಿದರೆ ಯಾವ ಕೋರ್ಸಿಗೆ ಯಾವುದು ಸಮ ಎಂಬ ಒಪ್ಪಂದದ ಪಟ್ಟಿ ಬರುತ್ತದೆ. ಪಟ್ಟಿ ವರ್ಷಕ್ಕೊಂದರಂತೆ ಇರುತ್ತದೆ. ಅವಳು ಕೋರ್ಸು ಓದಿದ ವರ್ಷದ್ದನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಲಿ.

ಸಾಮಾನ್ಯ ಶಿಕ್ಷಣಕ್ಕೆ 2025ರ ಶರತ್ಕಾಲದಿಂದ ರಾಜ್ಯದ ಎರಡು ಸಾರ್ವಜನಿಕ ವಿಶ್ವವಿದ್ಯಾಲಯ ಸಮೂಹಗಳಾದ ಯುಸಿ (ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಮತ್ತು ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯ ಅಂದರೆ ಸಿಎಸ್‌ಯು ಎರಡಕ್ಕೂ ಕ್ಯಾಲ್-ಜೆಟ್ಸಿ ಎಂಬ ಒಂದೇ ಮಾದರಿ. ಯುಸಿಯ ಒಂಬತ್ತು ಪದವಿ ಕ್ಯಾಂಪಸ್‌ಗಳಲ್ಲಿ ಆರು, ಅಂದರೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಷರತ್ತು ಪೂರೈಸಿದವರಿಗೆ ಪ್ರವೇಶದ ಭರವಸೆ ಕೊಡುತ್ತವೆ. ಇದನ್ನು ಟ್ಯಾಗ್ ಎನ್ನುತ್ತಾರೆ, ಅದರ ಅರ್ಜಿ ಸೆಪ್ಟೆಂಬರಿನಲ್ಲಿ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಇದರಲ್ಲಿಲ್ಲ. ಎಲ್ಲಾ ಕ್ಯಾಂಪಸ್‌ಗಳಲ್ಲೂ ಎಲ್ಲಾ ಮೇಜರುಗಳಿಗೆ ಟ್ಯಾಗ್ ಸಿಗುವುದಿಲ್ಲ, ಕಂಪ್ಯೂಟರ್ ಸೈನ್ಸ್ ಬೇಕೆನ್ನುವವರು ಇದನ್ನು ಮೊದಲು ನೋಡಿ.

ಯುಸಿ ಕಮ್ಯುನಿಟಿ ಕಾಲೇಜಿನಿಂದ 70 ಸೆಮಿಸ್ಟರ್ ಯೂನಿಟ್ ಮೀರಿ ಎಣಿಸುವುದಿಲ್ಲ. ಮೀರಿದ ಕೋರ್ಸುಗಳು ಅಗತ್ಯ ಪೂರೈಸಲು ಸಲ್ಲುತ್ತವೆ, ಯೂನಿಟ್ ಸಂಖ್ಯೆ ಮಾತ್ರ ಕೂಡುವುದಿಲ್ಲ. ಹಾಗಾಗಿ ಮೂರನೇ ವರ್ಷ ಅಲ್ಲೇ ಉಳಿದು "ಅಗ್ಗದಲ್ಲಿ ಇನ್ನಷ್ಟು ಮುಗಿಸೋಣ" ಎನ್ನುವುದು ಬಹಳ ಸಲ ಲೆಕ್ಕ ತಪ್ಪಿದ ಜಾಣತನ.

ಬೇರೆ ರಾಜ್ಯಗಳಲ್ಲೂ ಇಂಥ ವ್ಯವಸ್ಥೆಗಳಿವೆ. ಫ್ಲಾರಿಡಾದಲ್ಲಿ ರಾಜ್ಯಕ್ಕೆಲ್ಲ ಒಂದೇ ಕೋರ್ಸ್ ಸಂಖ್ಯಾ ಪದ್ಧತಿ ಇದೆ. ಟೆಕ್ಸಾಸಿನಲ್ಲಿ ಸಾಮಾನ್ಯ ಸಂಖ್ಯಾ ಪದ್ಧತಿಯ ಜೊತೆಗೆ 42 ಕ್ರೆಡಿಟ್ಟಿನ ಕೋರ್ ಪಠ್ಯವಿದ್ದು, ಅದನ್ನು ಪೂರ್ತಿ ಮುಗಿಸಿದರೆ ಇಡಿಯಾಗಿ ವರ್ಗವಾಗುತ್ತದೆ. ರಾಜ್ಯದ ಗಡಿ ದಾಟಿದರೆ, ಖಾಸಗಿ ವಿಶ್ವವಿದ್ಯಾಲಯಕ್ಕೆ ಹೋದರೆ ಈ ರಕ್ಷಣೆ ತಪ್ಪುತ್ತದೆ.

ಎಪಿ (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ) ಪರೀಕ್ಷೆಯ ಕ್ರೆಡಿಟ್ಟೂ ಇದೆ, ಅದೇ ವಿಷಯದ ಕಾಲೇಜು ಕೋರ್ಸೂ ಇದೆ. ಎರಡೂ ಸಿಗುತ್ತದೆಯೇ?

ಒಂದೇ ವಿಷಯಕ್ಕೆ ಒಂದೇ ಸಲ. ಎಪಿ ಕ್ಯಾಲ್ಕುಲಸ್ ಎಬಿಗೆ ಕ್ರೆಡಿಟ್ ಪಡೆದು ಮತ್ತೆ ಕ್ಯಾಲ್ಕುಲಸ್ 1 ಓದಿದರೆ ಒಂದು ಬಿದ್ದುಹೋಗುತ್ತದೆ. ಎಪಿ ಅಂಕವನ್ನು ಕಾಲೇಜ್ ಬೋರ್ಡಿನಿಂದ ಹೊಸ ವಿಶ್ವವಿದ್ಯಾಲಯಕ್ಕೆ ಮತ್ತೆ ಕಳಿಸಬೇಕು. ಹಳೆಯ ಕಾಲೇಜಿನ ಟ್ರಾನ್ಸ್‌ಕ್ರಿಪ್ಟಿನಲ್ಲಿ "ಎಪಿ ಕ್ರೆಡಿಟ್" ಎಂದಿದ್ದರೆ ಅದನ್ನು ಹಾಗೇ ಒಪ್ಪುವುದು ಕಡಿಮೆ.

ಬಿಇ ಮೂರು ವರ್ಷ ಮುಗಿಸಿ ಕೊನೆಯ ವರ್ಷ ಮಾತ್ರ ಅಲ್ಲಿ ಓದಬಹುದೇ?

ಕಾಗದದ ಮೇಲೆ ಚೆನ್ನಾಗಿ ಕಾಣುವ ಈ ಯೋಜನೆ ಮೂರು ಕಡೆ ಮುರಿಯುತ್ತದೆ. ಪದವಿ ಕೊಡುವ ಸಂಸ್ಥೆಯಲ್ಲೇ ಇಷ್ಟು ಓದಿರಬೇಕೆಂಬ ನಿಯಮ ಎಲ್ಲೆಡೆ ಇದೆ. ದಕ್ಷಿಣದ ರಾಜ್ಯಗಳ ಮಾನ್ಯತಾ ಸಂಸ್ಥೆ ಕನಿಷ್ಠ 25% ಕೇಳುತ್ತದೆ, ಬಹಳಷ್ಟು ವಿಶ್ವವಿದ್ಯಾಲಯಗಳು ಕೊನೆಯ 30 ಕ್ರೆಡಿಟ್ ತಮ್ಮಲ್ಲೇ ಆಗಬೇಕೆನ್ನುತ್ತವೆ. ಎರಡನೆಯದು, ಮೇಜರಿನ 300, 400 ಮಟ್ಟದ (ಮೂರನೇ, ನಾಲ್ಕನೇ ವರ್ಷದ) ಕೋರ್ಸುಗಳನ್ನು ಹೊರಗಿನಿಂದ ಒಪ್ಪಲು ಎಂಜಿನಿಯರಿಂಗ್ ವಿಭಾಗಗಳು ಹಿಂಜರಿಯುತ್ತವೆ, ಏಕೆಂದರೆ ಅವರ ಪಠ್ಯಕ್ರಮ ಎಬೆಟ್ ಎಂಬ ಎಂಜಿನಿಯರಿಂಗ್ ಮಾನ್ಯತಾ ಸಂಸ್ಥೆಗೆ ಉತ್ತರ ಹೇಳಬೇಕು. ಭಾರತದ ಎನ್‌ಬಿಎ (ಇಲ್ಲಿನ ಎಂಜಿನಿಯರಿಂಗ್ ಮಾನ್ಯತಾ ಮಂಡಳಿ) 2014ರಿಂದ, ಎಂಜಿನಿಯರಿಂಗ್ ಪದವಿಗಳನ್ನು ದೇಶಗಳ ನಡುವೆ ಪರಸ್ಪರ ಒಪ್ಪುವ ವಾಷಿಂಗ್ಟನ್ ಒಪ್ಪಂದದಲ್ಲಿದೆ, ನಿಜ. ಆದರೆ ಆ ಒಪ್ಪಂದ ಮುಗಿಸಿದ ಪದವಿಯ ಬಗ್ಗೆ ಮಾತಾಡುತ್ತದೆ, ಅರ್ಧದಲ್ಲಿ ಬಿಟ್ಟ ಕೋರ್ಸುಗಳ ಬಗ್ಗೆ ಅಲ್ಲ. ಮೂರನೆಯದು ಮೇಲೆ ಹೇಳಿದ ಸಾಮಾನ್ಯ ಶಿಕ್ಷಣ. ಬಿಇಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮೂರು ವರ್ಷ ಮುಗಿಸಿದವರಿಗೆ ನಮ್ಮ ಸಲಹೆ: ನಾಲ್ಕನೆಯದನ್ನೂ ಇಲ್ಲೇ ಮುಗಿಸಿ ಎಂಎಸ್‌ಗೆ ಹೋಗಿ. ಸಂಸ್ಥೆ ಬದಲಿಸುವುದೇ ಆದರೆ ಒಂದನೇ ಅಥವಾ ಎರಡನೇ ವರ್ಷದ ಕೊನೆಗೆ ಬದಲಿಸಿ.

ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ಏನಾದರೂ ಲಾಭವಿದೆಯೇ?

ಇದೆ, ಮತ್ತು ಹೆಚ್ಚಿನವರು ಕೇಳುವುದೇ ಇಲ್ಲ. ಅನೇಕ ಪದವಿಗಳಿಗೆ ಇಂಗ್ಲಿಷೇತರ ಭಾಷೆಯ ಅಗತ್ಯವಿರುತ್ತದೆ. ಇಂಗ್ಲಿಷ್ ಅಲ್ಲದ ಮಾಧ್ಯಮದಲ್ಲಿ ಹೈಸ್ಕೂಲು ಓದಿದವರಿಗೆ ಅದನ್ನು ಮನ್ನಾ ಮಾಡುವ ನಿಯಮ ಬಹಳಷ್ಟು ಕಡೆ ಇದೆ. ಮಾಧ್ಯಮ ಕನ್ನಡ ಎಂದು ಶಾಲೆಯಿಂದ ಪತ್ರ ತನ್ನಿ. ಇಂಗ್ಲಿಷ್ ಮಾಧ್ಯಮದಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಓದಿದವರು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೋರಿಸಿ ವಿಚಾರಿಸಬಹುದು. ಇದು ಅಗತ್ಯದ ಮನ್ನಾ, ಕ್ರೆಡಿಟ್ ಅಲ್ಲ. ಆದರೂ ಎರಡು ಮೂರು ಕೋರ್ಸು ಓದುವುದು ತಪ್ಪುತ್ತದೆ.

ಮೌಲ್ಯಮಾಪನ ತಪ್ಪಾಗಿದೆ ಅನಿಸಿದರೆ?

ಮೇಲ್ಮನವಿ ಹಾಕಿ. ಎಲೆಕ್ಟಿವ್ ಎಂದು ಬರೆದ ಕೋರ್ಸನ್ನು ನೇರ ಸಮಾನವೆಂದು ಬದಲಿಸಿಕೊಂಡವರು ಬಹಳ ಜನ. ಮೊದಲ ಸಲ ಸಿಲಬಸ್ ಇಲ್ಲದೆ ಹೆಸರು ನೋಡಿ ತೀರ್ಮಾನಿಸಿರುವ ಸಾಧ್ಯತೆಯೇ ಹೆಚ್ಚು. ನಮ್ಮ "ಎಲಿಮೆಂಟ್ಸ್ ಆಫ್..." ಎಂದು ಶುರುವಾಗುವ ವಿಷಯಗಳು ಹೆಸರಿನಿಂದಲೇ ಪರಿಚಯಾತ್ಮಕ ಎನಿಸಿಕೊಂಡುಬಿಡುತ್ತವೆ. ಒಂದು ಅರ್ಜಿಯಲ್ಲಿ ಒಂದೇ ಕೋರ್ಸು, ಅವರ ಕೋರ್ಸ್ ಸಂಖ್ಯೆ, ಎರಡೂ ಸಿಲಬಸ್ ಪಕ್ಕಪಕ್ಕದಲ್ಲಿ, ಬಳಸಿದ ಪಠ್ಯಪುಸ್ತಕ. "ನಮ್ಮದು ಬಹಳ ಕಠಿಣ ಕಾಲೇಜು" ಎಂಬ ವಾದ ಬೇಡ, ಅದನ್ನು ಯಾರೂ ಓದುವುದಿಲ್ಲ. ಗಡುವು ಹೆಚ್ಚಾಗಿ ಮೊದಲ ಸೆಮಿಸ್ಟರಿನೊಳಗೇ ಇರುತ್ತದೆ. ತೀರ್ಮಾನ ಬರುವ ಮೊದಲು ಆ ಕೋರ್ಸಿಗೆ ಮತ್ತೆ ನೋಂದಾಯಿಸಿಕೊಳ್ಳಬೇಡಿ, ಮೇಲ್ಮನವಿಯೇ ಬಿದ್ದುಹೋಗಬಹುದು.

ಎಫ್-1 (ವಿದ್ಯಾರ್ಥಿ) ವೀಸಾದವರು ಮಾಡುವ "ಸೆವಿಸ್ ಟ್ರಾನ್ಸ್‌ಫರ್" ಇದೇನಾ?

ಅಲ್ಲ. ಅದು ನಿಮ್ಮ ವಲಸೆ ದಾಖಲೆಯನ್ನು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ದಾಟಿಸುವುದು, ಕ್ರೆಡಿಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಒಂದು ಕಡೆ ಮಾತ್ರ ಎರಡೂ ತಾಗುತ್ತವೆ: ಹೆಚ್ಚು ಕ್ರೆಡಿಟ್ ವರ್ಗವಾಗಿ ಓದಲು ಕೋರ್ಸು ಕಡಿಮೆ ಉಳಿದರೂ, ಪದವಿ ವಿದ್ಯಾರ್ಥಿಯಾಗಿ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ತೆಗೆದುಕೊಳ್ಳಲೇಬೇಕು. ಅದರಲ್ಲಿ ಆನ್‌ಲೈನ್ ತರಗತಿ ಒಂದು ಅಥವಾ 3 ಕ್ರೆಡಿಟ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಕೊನೆಯ ಸೆಮಿಸ್ಟರಿಗೆ ವಿನಾಯಿತಿ ಇದೆ, ಮೊದಲೇ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಅನುಮತಿ ಪಡೆಯಬೇಕು.

ಎಂಎಸ್‌ಗೆ ಎಂಟೆಕ್ ಅಥವಾ ಎಂಎಸ್ಸಿ ಕ್ರೆಡಿಟ್ ತರಬಹುದೇ?

ಸ್ವಲ್ಪ. ಬಹಳ ಕಡೆ 6ರಿಂದ 9 ಕ್ರೆಡಿಟ್, ಬಿ ಅಥವಾ ಮೇಲಿನ ಗ್ರೇಡ್ ಇದ್ದರೆ. ಈಗಾಗಲೇ ಒಂದು ಪದವಿ ಪಡೆಯಲು ಬಳಸಿದ ಕ್ರೆಡಿಟ್ಟನ್ನು ಇನ್ನೊಂದಕ್ಕೆ ಬಳಸಲು ಹೆಚ್ಚಿನವರು ಬಿಡುವುದಿಲ್ಲ, ಆದ್ದರಿಂದ ಎಂಟೆಕ್ ಮುಗಿಸಿದವರಿಗಿಂತ ಅರ್ಧಕ್ಕೆ ಬಿಟ್ಟವರಿಗೇ ಇಲ್ಲಿ ಅವಕಾಶ ಹೆಚ್ಚು.